ಹದಿನಾಲ್ಕನೆಯ ಉಲ್ಲೇಖವನ್ನು ತೆರೆದು ನೋಡಿದ ಬು ರುಸ್

ಬೆಳಗಿನ ಐದೂಕಾಲು. ಮುಂಜಾವಿನ ಸುಬುಹ್ ಪ್ರಾರ್ಥನೆ ಮುಗಿಸಿ ಬಂದ, ಎಲ್ಲರೂ ಬು ರುಸ್ (ರುಸ್ ಅಮ್ಮ) ಎಂದು ಕರೆಯುವ ರುಸ್ಮಿಯಾತಿ, ಇಂಡೊನೇಷ್ಯಾದ ಸೋಲೋ ಊರಿನ ವೈದ್ಯಕೀಯ ಕಾಲೇಜಿನ ಹಿಂಬದಿಯ ಪುಟ್ಟ ಕೋಣೆಯ ಬೀಗ ತೆಗೆಯುತ್ತಾರೆ. ಕಂಪ್ಯೂಟರ್ ಶುರುವಾಗುವಷ್ಟರಲ್ಲಿ ಸಿಹಿ ಚಹಾದ ಲೋಟಕ್ಕೆ ಮುಚ್ಚಳ ಹಾಕಿ, ಎದುರಿನ ಹಾಳೆಯ ಮೇಲೆ ಮರದ ಅಡಿಪಟ್ಟಿ ಇಡುತ್ತಾರೆ. ಒಂದು ಸಲಕ್ಕೆ ಒಂದೇ ಸಾಲು. ಲೇಖಕರು, ಲೇಖನದ ಹೆಸರು, ಪತ್ರಿಕೆ, ವರ್ಷ, ಸಂಪುಟ, ಪುಟ. ಬೆರಳಿಟ್ಟು ಮೆಲ್ಲಗೆ ಬಾಯಿಬಿಟ್ಟು ಓದುತ್ತಾರೆ. ಎಡಗಣ್ಣಿಗೆ ಪೊರೆ ಬಂದಿದೆ. ಅಂಕಿಗಳು ಕಲಸಿಹೋಗುತ್ತವೆಂಬ ಭಯಕ್ಕೆ ಪ್ರತಿ ಸಾಲನ್ನೂ ಎರಡೆರಡು ಸಲ ಓದುತ್ತಾರೆ.

ಕಾಲೇಜಿನ ವೈದ್ಯಕೀಯ ಪತ್ರಿಕೆ ವರ್ಷಕ್ಕೆ ನಾಲ್ಕು ಸಲ ಬರುತ್ತದೆ. ಸಂಚಿಕೆಗೆ ಹನ್ನೊಂದು ಲೇಖನ, ಪ್ರತಿ ಲೇಖನದ ಕೊನೆಯಲ್ಲಿ ಮೂವತ್ತು ನಲವತ್ತು ಉಲ್ಲೇಖ. ಹತ್ತೊಂಬತ್ತು ವರ್ಷದಲ್ಲಿ ಸುಮಾರು ಮೂವತ್ತು ಸಾವಿರ ಸಾಲುಗಳು ಈ ಅಡಿಪಟ್ಟಿಯ ಕೆಳಗೆ ಹಾದುಹೋಗಿವೆ. ಪತ್ರಿಕೆಯ ಒಳಪುಟದಲ್ಲಿ ಅದನ್ನು ಹೊರತರುವವರ ಇಪ್ಪತ್ತೆರಡು ಹೆಸರುಗಳಿವೆ. ಮೂರು ವರ್ಷದಿಂದ ಒಂದು ಸಭೆಗೂ ತಲೆಹಾಕದವರ ಹೆಸರೂ ಅಲ್ಲಿದೆ, ರುಸ್ಮಿಯಾತಿಯವರದಿಲ್ಲ. ನೋಡಿದವರ ಹೊಟ್ಟೆ ಉರಿಯಬೇಕು. ಅವರದು ಮಾತ್ರ ಉರಿಯುವುದಿಲ್ಲ.

ಏಳು ಗಂಟೆಗೆ ಕಚೇರಿಯ ಸಹಾಯಕ, ಎಲ್ಲರೂ ಗೌರವದಿಂದ ಪಾಕ್ ಎನ್ನುವ ತಾರ್ಜೊ, ಬಾಳೆಲೆಯಲ್ಲಿ ಕಟ್ಟಿದ ತೆಂಗಿನಹಾಲಿನ ಅನ್ನ ನಾಸಿ ಲಿವೆತ್ ತರುತ್ತಾರೆ. ನಿವೃತ್ತಿಗೆ ಎರಡು ವರ್ಷ ಉಳಿದಿರುವ ಈ ಮನುಷ್ಯನ ಬಾಯಿಗೆ ಬಿಡುವಿಲ್ಲ.

"ಬು ರುಸ್, ನಿಮ್ಮ ಯಜಮಾನ್ರು ಆಗ ಬರೆದ ಪ್ರೇಮಪತ್ರಕ್ಕೂ ರೆಫರೆನ್ಸ್ ಕೇಳಿದ್ರಾ?"

"ಕೇಳ್ದೆ ಪಾಕ್. ಅರ್ಧ ಯಾವ್ದೋ ಹಾಡಿಂದ ಕದ್ದಿದ್ರು. ಆದ್ರೂ ಮದುವೆ ಆದೆ ನೋಡಿ."

ರುಸ್ಮಿಯಾತಿ ಓದಿದ್ದು ಪ್ರೌಢಶಾಲೆಯವರೆಗೆ. ಗಂಡ ತೀರಿಕೊಂಡಾಗ ಮಗಳಿಗೆ ಮೂರು ವರ್ಷ. ಕಾಲೇಜಿನ ಗೇಟಿನೆದುರು ವಿದ್ಯಾರ್ಥಿಗಳ ಪ್ರಬಂಧ ಟೈಪು ಮಾಡಿಕೊಡುವ ಅಂಗಡಿಯಲ್ಲಿ ದಿನಕ್ಕೆ ಹನ್ನೆರಡು ಗಂಟೆ ಕೂತರು. ಮಗು ಮೇಜಿನಡಿ ಮಲಗುತ್ತಿತ್ತು. "ಹುಡುಗ್ರು ರೆಫರೆನ್ಸ್ ಪಟ್ಟೀನ ಬಾಯಿಗೆ ಬಂದ ಹಾಗೆ ಹೇಳೋರು. ಇಲ್ಲದ ಪುಟದ ನಂಬರ್ ಹೇಳಿದ್ರೆ ನಾನು ಲೈಬ್ರರಿಗೆ ಹೋಗಿ ನೋಡ್ಕೊಂಡು ಬರ್ತಿದ್ದೆ. ಅಂಗಡಿ ಮಾಲೀಕ ಬೈಯೋನು, ಟೈಪು ಮಾಡಮ್ಮ ತಾಯಿ, ಪತ್ತೇದಾರಿಕೆ ಬೇಡ ಅಂತ." ಆ ಪತ್ತೇದಾರಿಕೆಯ ಸುದ್ದಿ ಪತ್ರಿಕೆಯವರ ಕಿವಿಗೆ ಬಿದ್ದು ಈ ಕೋಣೆ ಸಿಕ್ಕಿತು. ಕೆಲಸ ಇವತ್ತಿಗೂ ಕಾಯಂ ಅಲ್ಲ. ಪ್ರತಿ ಮಾರ್ಚ್‌ನಲ್ಲಿ ಸಂಪಾದಕ ಮಂಡಳಿಯ ಅಧ್ಯಕ್ಷರು ಸಹಿ ಹಾಕಿದರೆ ಇನ್ನೊಂದು ವರ್ಷ.

ಅಲ್ಪವಿರಾಮ, ಚುಕ್ಕೆಗಳನ್ನು ಈಗ ಯಂತ್ರವೇ ಸರಿಮಾಡುತ್ತದೆ. ಯಂತ್ರ ಮಾಡದ ಒಂದು ಕೆಲಸವನ್ನು ರುಸ್ಮಿಯಾತಿ ಬಿಟ್ಟಿಲ್ಲ. ಪ್ರತಿ ಉಲ್ಲೇಖದ ಮೂಲ ಲೇಖನವನ್ನು, ಅದು ಮೊದಲು ಪ್ರಕಟವಾದ ಜಾಗಕ್ಕೇ ಹೋಗಿ, ತೆರೆದು ನೋಡುತ್ತಾರೆ.

ಕಳೆದ ಫೆಬ್ರುವರಿಯಲ್ಲಿ ಹೀಗೆ ತೆರೆದದ್ದು ಹದಿನಾಲ್ಕನೆಯ ಉಲ್ಲೇಖ. ಅದು ಇದ್ದದ್ದು ಹಸುಗೂಸುಗಳಿಗೆ ಫಿಟ್ಸ್ ಬಂದಾಗ ಎಷ್ಟು ಔಷಧ ಕೊಡಬೇಕು ಎಂಬ ಲೇಖನದ ಪಟ್ಟಿಯಲ್ಲಿ. ಆ ಲೇಖನ ಬರೆದವರು ಮಕ್ಕಳ ವಿಭಾಗದ ಮುಖ್ಯಸ್ಥ ಡಾಕ್ಟರ್ ಹಂದಾಯಾನಿಂಗ್ರಾತ್. ಮಂಡಳಿಯ ಅಧ್ಯಕ್ಷರೂ ಅವರೇ, ಮಾರ್ಚ್‌ನಲ್ಲಿ ಸಹಿ ಹಾಕಬೇಕಾದವರೂ ಅವರೇ. ಅವರು ಹೇಳಿದ ಪ್ರಮಾಣಕ್ಕೆ ಇದ್ದ ಆಧಾರ ಹದಿನಾಲ್ಕನೆಯ ಉಲ್ಲೇಖದ ಆ ಹಳೆಯ ಲೇಖನವೊಂದೇ. ಅದನ್ನು ಅದರ ಲೇಖಕರೇ ಹಿಂದಿನ ವರ್ಷ ವಾಪಸು ಪಡೆದಿದ್ದರು. ಕೋಷ್ಟಕದಲ್ಲಿ ಔಷಧದ ಪ್ರಮಾಣ ತಪ್ಪಾಗಿ, ಹೆಚ್ಚಾಗಿ ದಾಖಲಾಗಿತ್ತು. ಡಾಕ್ಟರ ಬಳಿ ಇದ್ದದ್ದು ಅದಕ್ಕೂ ಮೊದಲೇ ಇಳಿಸಿಟ್ಟುಕೊಂಡ ಪ್ರತಿ. ಅದರಲ್ಲಿ ಈ ಸುದ್ದಿ ಎಲ್ಲಿಂದ ಬರಬೇಕು? ಆ ಔಷಧ ಹೆಚ್ಚಾದರೆ ಕೂಸಿನ ಉಸಿರೇ ನಿಲ್ಲಬಹುದು.

ಸೋಲೋದಲ್ಲಿ ದೊಡ್ಡವರಿಗೆ 'ತಪ್ಪು' ಎಂದು ಮುಖಕ್ಕೆ ಹೇಳುವ ರೂಢಿಯಿಲ್ಲ. ರುಸ್ಮಿಯಾತಿ ಹಾಳೆಯ ಅಂಚಿನಲ್ಲಿ ಬರೆದರು: 'ಡಾಕ್ಟರಿಗೆ ಎಂದಾದರೂ ಬಿಡುವಾದಲ್ಲಿ ಹದಿನಾಲ್ಕನೆಯದರ ಮೇಲೆ ಒಮ್ಮೆ ಕೃಪೆಯಿಟ್ಟು ಕಣ್ಣಾಡಿಸಬಹುದೇನೋ.' ಮರುದಿನ ಹಾಳೆ ವಾಪಸು ಬಂತು. ಕೆಳಗೆ 'ಧನ್ಯವಾದಗಳು' ಎಂದಿತ್ತು. ಇನ್ನಷ್ಟು ಬೆಣ್ಣೆ ಹಚ್ಚಿ ಎರಡನೆಯ ಚೀಟಿ ಬರೆದರು. 'ತುಂಬ ಧನ್ಯವಾದಗಳು' ಎಂದು ಬಂತು. ಪುಟಗಳು ಮುದ್ರಣಕ್ಕೆ ಹೋಗಲು ಒಂದೇ ದಿನ ಉಳಿಯಿತು.

"ಅವ್ರಿಗೆ ಅರ್ಥ ಆಗಿದೆ, ಏನೋ ಮಾಡ್ತಾರೆ ಅಂತ ಎರಡು ದಿನ ನನಗೆ ನಾನೇ ಸಮಾಧಾನ ಹೇಳ್ಕೊಂಡೆ," ಎನ್ನುತ್ತಾರೆ ರುಸ್ಮಿಯಾತಿ. "ಅದು ಮರ್ಯಾದೆ ಅಲ್ಲ, ಹೆದರಿಕೆ. ಮಾರ್ಚ್ ಬರ್ತಾ ಇತ್ತಲ್ಲ."

ತಾವೇ ಡಾಕ್ಟರ ಬಳಿ ಹೋಗಿ ಹೇಳಲು ಹೊರಟ ಅವರನ್ನು ತಡೆದವರು ತಾರ್ಜೊ. "ಬು, ಹೋಗ್ಬೇಡಿ. ಅವ್ರು ಡಾಕ್ಟ್ರು, ನೀವು ಟೈಪಿಸ್ಟು. ಮೇಲಿನವರು ನೋಡ್ಕೊಳ್ತಾರೆ ಬಿಡಿ."

"ಮೇಲಿನವ್ರು ನೋಡಿದ್ರಲ್ಲ ಪಾಕ್. ಎರಡು ಸಲ ಧನ್ಯವಾದ ಹೇಳಿದ್ರು."

ಡಾಕ್ಟರ ಕೋಣೆಯಲ್ಲಿ ಮೊದಲು ಬಾಯಿಗೆ ಬಂದದ್ದು ಹಿರಿಯರೊಡನೆ ಆಡುವ ನಯವಾದ ಜಾವಾ ಮಾತು. ನಾಲ್ಕು ವಾಕ್ಯವಾದರೂ ವಿಷಯದ ಹತ್ತಿರವೇ ಸುಳಿಯಲಿಲ್ಲ. ಡಾಕ್ಟರು ನಗುತ್ತ ತಲೆಯಾಡಿಸುತ್ತಿದ್ದರು. ಆಗ ರುಸ್ಮಿಯಾತಿ ಮಾತು ನಿಲ್ಲಿಸಿ, ಶಾಲೆಯಲ್ಲಿ ಕಲಿತ ಇಂಡೊನೇಷ್ಯನ್‌ನಲ್ಲಿ, ಕಚೇರಿಯವರಂತೆ ಹೇಳಿದರು: "ಡಾಕ್ಟ್ರೇ, ಹದಿನಾಲ್ಕನೇ ಲೇಖನ ವಾಪಸ್ ತಗೊಂಡಿದ್ದಾರೆ. ನೀವು ಬರೆದಿರೋ ಪ್ರಮಾಣ ತಪ್ಪು. ಇದು ಅಚ್ಚಾಗಬಾರದು."

ಡಾಕ್ಟರು ಕಂಪ್ಯೂಟರ್ ತಮ್ಮ ಕಡೆ ತಿರುಗಿಸಿಕೊಂಡು ತಾವೇ ಆ ಪುಟ ತೆರೆದು ಓದಿದರು. ಅವರ ಮುಖ ಬಿಳಿಚಿಕೊಂಡಿತು.

"ನಿಮ್ಮ ಚೀಟಿ ನೋಡಿದ್ದೆ ಬು ರುಸ್. ಪಟ್ಟಿ ಚೆನ್ನಾಗಿದೆ ಅಂತ ಹೊಗಳಿದ್ದೀರಿ ಅಂದ್ಕೊಂಡಿದ್ದೆ."

"ತಪ್ಪು ನಂದೂ ಇದೆ ಡಾಕ್ಟ್ರೇ. ತಪ್ಪು ಅಂತಾನೇ ಬರೀಬೇಕಿತ್ತು."

ಲೇಖನವನ್ನು ಆ ಸಂಜೆಯೇ ಕೈಬಿಟ್ಟರು, ಸಂಚಿಕೆ ಹತ್ತೇ ಲೇಖನಗಳೊಂದಿಗೆ ತಡವಾಗಿ ಬಂತು. ಮಾರ್ಚ್ ಮೊದಲ ವಾರ ಕಳೆದರೂ ಒಪ್ಪಂದದ ಪತ್ರ ಬರಲಿಲ್ಲ. ಎರಡನೆಯ ವಾರವೂ ಕಳೆಯಿತು. ರುಸ್ಮಿಯಾತಿ ಡ್ರಾಯರ್ ಖಾಲಿ ಮಾಡಿ, ಹಳೆಯ ಅಂಗಡಿಯ ಮಾಲೀಕನ ಮಗನಿಗೆ ಫೋನು ಕೂಡ ಮಾಡಿದ್ದರು. ಹದಿನಾರನೆಯ ದಿನ ಪತ್ರ ಬಂತು. ಸಹಿ ಇತ್ತು. ಜೊತೆಗೊಂದು ಚೀಟಿಯೂ ಇತ್ತು: 'ಇನ್ನು ಮುಂದೆ ನನಗೆ ನೇರವಾಗಿ ಬರೆಯಿರಿ.'

ತಿದ್ದಿದ ಲೇಖನ ಈಗ ಮತ್ತೆ ಅವರ ಮೇಜಿನ ಮೇಲಿದೆ. ನಲವತ್ತೊಂದು ಉಲ್ಲೇಖ. ಎಲ್ಲವನ್ನೂ ಮೊದಲಿನಿಂದ ತೆರೆಯುತ್ತಿದ್ದಾರೆ. ಒಳಪುಟಕ್ಕೆ ಹೆಸರು ಸೇರಿಸುವ ಮಾತು ನಡೆದಿದೆಯಂತೆ. ಸೇರಿಸಿದರೆ ಬೇಡವೆನ್ನುವುದಿಲ್ಲ, ಮಗಳಿಗೆ ತೋರಿಸಬಹುದು ಎನ್ನುತ್ತಾರೆ. ಕಣ್ಣಿನ ಪೊರೆ ತೆಗೆಸಿಕೊಳ್ಳಬೇಕೆಂಬ ಆಸೆಯೂ ಇದೆ, ಇನ್ನಷ್ಟು ವರ್ಷ ಓದಬಹುದೆಂದು.

ಅಷ್ಟೊಂದು ಯಾಕೆ ಓದಬೇಕು, ಈ ಪಟ್ಟಿಯನ್ನು ನೋಡುವವರಾದರೂ ಯಾರು ಎಂದರೆ, ಅವರು ಅಡಿಪಟ್ಟಿಯನ್ನು ಹದಿನೈದನೆಯ ಸಾಲಿಗೆ ಇಳಿಸುತ್ತಾರೆ.

"ವೊನೊಗಿರಿ ಗುಡ್ಡದ ಮೇಲೆ ಒಬ್ಬಳೇ ನರ್ಸ್ ಇರ್ತಾಳೆ. ಮಡಿಲಲ್ಲಿ ಕೂಸು ನಡುಗ್ತಿರುತ್ತೆ. ಅವಳು ಪ್ರಮಾಣ ನೋಡಿ ಔಷಧ ಕೊಡ್ಬೇಕು. ಕೊನೇ ಪುಟ ತಿರುವಿಹಾಕೋಕೆ ಅವಳಿಗೆ ಪುರುಸೊತ್ತೆಲ್ಲಿ? ಅವಳ ಪಾಲಿಂದು ನಾನು ನೋಡಿಟ್ಟಿರ್ತೀನಿ."