ಸದ್ದಿಲ್ಲದ ಕಂಪ್ಯೂಟರ್ ಕೊಟ್ಟವರು

ಅವರ ಬಲಗೈ ಹೆಬ್ಬೆರಳಿನ ಉಗುರು ಉದ್ದಕ್ಕೆ ಬೆಳೆದು, ತುದಿ ಕರ್ರಗಾಗಿತ್ತು. ಸ್ಕ್ರೂಡ್ರೈವರ್ ಹುಡುಕುವಷ್ಟು ತಾಳ್ಮೆ ಅವರಿಗೆಲ್ಲಿ? ಉಗುರಿನಿಂದಲೇ ಕಂಪ್ಯೂಟರಿನ ಡಬ್ಬಿ ಬಿಚ್ಚುತ್ತಿದ್ದರು. ಜೇವರ್ಗಿ ಬಸ್ ಸ್ಟ್ಯಾಂಡಿನ ಎದುರು ಅವರದೊಂದು ಅಂಗಡಿ. ಗಿರಾಕಿಗೆ ಮೊದಲು ಚಹಾ, ಆಮೇಲೆ ಒಂದೇ ಮಾತು: "ಇದರಾಗ ಏನ್ ಮಾಡೋರಿದ್ದೀರಿ, ಅದನ್ನ ಹೇಳ್ರಿ." ಉತ್ತರ ತಡವರಿಸಿದರೆ ಮಾರುತ್ತಲೇ ಇರಲಿಲ್ಲ. ವ್ಯಾಪಾರ ಹೇಗೆ ನಡೆಯುತ್ತಿತ್ತೋ ದೇವರೇ ಬಲ್ಲ.

ನನ್ನ ಬಳಿ ಉತ್ತರವಿತ್ತು. ನೆಲೋಗಿಯ ಮನೆಯಲ್ಲಿ ನಮ್ಮವ್ವನಿಗೆ ಬೀಸುವ ಕಲ್ಲಿನ ಪದಗಳು ಒಂದೊಂದಾಗಿ ಮರೆತುಹೋಗುತ್ತಿದ್ದವು. ನಿನ್ನೆ ಹಾಡಿದ್ದು ಇವತ್ತು ಅರ್ಧಕ್ಕೇ ನಿಲ್ಲುತ್ತಿತ್ತು. ಉಳಿದಷ್ಟನ್ನಾದರೂ ರೆಕಾರ್ಡ್ ಮಾಡಿಡಬೇಕು ಎಂದು ಹಳೆಯ ಕಂಪ್ಯೂಟರಿಗೆ ಮೈಕ್ ಹಚ್ಚಿದರೆ, ಅವ್ವನ ಸಣ್ಣ ದನಿಗಿಂತ ಅದರ ಫ್ಯಾನಿನ ಗೊರಗೊರವೇ ಜೋರು.

ಎಲ್ಲಕ್ಕಿಂತ ಜೋರಿನ, ವೇಗದ ಪ್ರೊಸೆಸರ್ ಕೊಡಿ ಎಂದೆ. ಅವರು ನಕ್ಕರು.

"ಅಕ್ಕಾರ, ಜೋರಿಂದು ಜಾಸ್ತಿ ಕರೆಂಟ್ ತಿಂತದ, ಜಾಸ್ತಿ ಕಾಯ್ತದ, ಫ್ಯಾನ್ ಇನ್ನಾ ಜೋರ್ ತಿರಗತದ. ವಿಡಿಯೋ ಜೋಡಸೋರಿಗಿ, ಗೇಮ್ ಆಡೋರಿಗಿ ಅದು ಬೇಕ್ರಿ. ನಿಮಗ ಕಡಿಮಿ ಕರೆಂಟಿಂದು ಸಾಕು. ಜರಾ ನಿಧಾನ ಅದ, ಆದ್ರ ಅದಕ್ಕ ಫ್ಯಾನೇ ಇಲ್ಲ."

"ನಮ್ಮ ಬಿಸಿಲಿಗಿ ತಡೀತದೇನ್ರಿ?"

"ನಾನೇ ಮನಿಗಿ ಬಂದು ನೋಡ್ತೇನಿ."

ಬಂದರು. ನಡುಬೇಸಿಗೆಯ ಮಧ್ಯಾಹ್ನ ಆ ಪುಟ್ಟ ಡಬ್ಬಿ ಹಚ್ಚಿ, ಸೀಲಿಂಗ್ ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಬೆವರುತ್ತ ಕೂತೆವು. ಯಾರೂ ಮಾತಾಡಬಾರದೆಂದು ಅವರು ತಾಕೀತು ಮಾಡಿದರು. ಅವ್ವ ಮಾತ್ರ ಬಾಯಿ ಬಿಡಲೊಲ್ಲಳು.

"ಬೀಸಕಲ್ಲ ಎಲ್ಲದ? ಕೈ ತಿರಗದೇ ಪದ ಹ್ಯಾಂಗ ಬರ್ತದ?" ಎಂದಳು.

ಸದ್ದಿಲ್ಲದ ಕಂಪ್ಯೂಟರಿಗಾಗಿ ಅಷ್ಟು ಪರದಾಡಿ, ಈಗ ಮೈಕಿನ ಎದುರು ಬೀಸುವ ಕಲ್ಲು. ನನಗೆ ಅಳುವೇ ಬಂತು. ಅವರು ಎದ್ದು, ಮೂಲೆಯಲ್ಲಿದ್ದ ಕಲ್ಲನ್ನು ತಾವೇ ಎತ್ತಿ ತಂದು ಜೋಡಿಸಿದರು.

"ಫ್ಯಾನಿಂದು ಗದ್ದಲ್ರಿ ಅಕ್ಕಾರ. ಇದು ಪದದ್ದೇ ದನಿ. ಇರ್ಲಿ ಬಿಡ್ರಿ."

ಹಿಡಿ ಜೋಳ ಬಿದ್ದು ಕಲ್ಲು ತಿರುಗಿದ್ದೇ ತಡ, ಅವ್ವ ಹಾಡತೊಡಗಿದಳು. ಡಬ್ಬಿ ಬಿಸಿಯೇರಿತು, ಆದರೆ ನಿಲ್ಲಲಿಲ್ಲ. ಕಲ್ಲು ಮತ್ತು ಅವ್ವ, ಎರಡರ ಹೊರತು ಪದ ಮುಗಿಯುವವರೆಗೆ ರೆಕಾರ್ಡಿಂಗಿನಲ್ಲಿ ಬೇರೇನೂ ಕೇಳುವುದಿಲ್ಲ.

ಹೋದ ವರ್ಷ ಅವರು ಎದೆನೋವಿನಿಂದ ತೀರಿಕೊಂಡರು. ಆ ಅಂಗಡಿಯಲ್ಲಿ ಈಗ ಮೊಬೈಲ್ ಕವರು ಮಾರುತ್ತಾರೆ. ಬಸ್ಸಿಳಿದರೂ ಆ ಕಡೆ ನೋಡುವುದಿಲ್ಲ. ಮನೆಗೆ ಬಂದು ರೆಕಾರ್ಡಿಂಗ್ ಹಚ್ಚುತ್ತೇನೆ. ನಾವು ಹಾಡಲು ಹೇಳಿದ ಪದಗಳೆಲ್ಲ ಮುಗಿದು ಕಲ್ಲು ನಿಲ್ಲುತ್ತದೆ. ಎಲ್ಲರನ್ನೂ ಸುಮ್ಮನಿರಿಸಿದ್ದ ಅವರೇ ಆಗ ಮೆಲ್ಲಗೆ ಕೇಳುತ್ತಾರೆ: "ಅವ್ವಾ, ಇನ್ನೊಂದ್ ಹಿಡಿ ಜ್ವಾಳ ಹಾಕ್ಲೇನ್ರಿ?"

ಕಲ್ಲು ಮತ್ತೆ ತಿರುಗುತ್ತದೆ. ಅಂದಿನವರೆಗೆ ನಾನು ಎಂದೂ ಕೇಳಿರದ, ಅವ್ವನ ತವರಿನ ಪದವೊಂದು ಬರುತ್ತದೆ. ತನ್ನ ಅಣ್ಣತಮ್ಮಂದಿರನ್ನೆಲ್ಲ ಅದರಲ್ಲಿ ಕರೆದು, ಕಡೆಗೆ ನನ್ನ ಹೆಸರನ್ನೂ ಸೇರಿಸಿ ಹರಸುತ್ತಾಳೆ. ಈಗ ನಾನು ಎದುರು ಕೂತರೂ ಅವಳಿಗೆ ಆ ಹೆಸರು ನೆನಪಿಗೆ ಬರುವುದಿಲ್ಲ. ಅಂದು ಅವರು ಕೇಳದಿದ್ದರೆ ಅವ್ವನ ದನಿಯಲ್ಲಿ ಅದು ನನಗೂ ಸಿಗುತ್ತಿರಲಿಲ್ಲ.