ನೋಯದ ಕಾಲು

ಹೋದ ತಿಂಗಳು ಒಂದು ಭಾನುವಾರ ನನ್ನ ಬಲಗಾಲಿಗೆ ಮೊಳೆ ಚುಚ್ಚಿತು. ನನಗೆ ಗೊತ್ತೇ ಆಗಲಿಲ್ಲ.

ಕೊಡಿಗೇಹಳ್ಳಿಯಲ್ಲಿ ಸೊಪ್ಪು ತೆಗೆದುಕೊಂಡು, ಸಿಕ್ಕವರ ಹತ್ತಿರ ಟ್ರಾಫಿಕ್ ಬೈದುಕೊಂಡು, ಸಹಕಾರನಗರದ ಮನೆವರೆಗೂ ಆರಾಮವಾಗಿ ನಡೆದು ಬಂದಿದ್ದೆ. ಚಪ್ಪಲಿ ಬಿಟ್ಟು ಪೇಪರ್ ಹಿಡಿದು ಕೂತಿದ್ದೇನೆ, ಬಾಗಿಲಲ್ಲಿ ಮಹಡಿ ಮನೆಯ ವಸುಧಾ ಕೂಗಿದರು.

"ಅಂಕಲ್, ಹಾಲ್ ತುಂಬಾ ರಕ್ತ! ಯಾರಿಗೇನಾಯ್ತು?"

ನೋಡಿದರೆ ನನ್ನದೇ ಹೆಜ್ಜೆಗಳು. (ವರಮಹಾಲಕ್ಷ್ಮಿ ಹಬ್ಬಕ್ಕೆ ಬಿಡಿಸುವ ಪಾದಗಳ ಹಾಗೆ, ಸಾಲಾಗಿ.) ಚಪ್ಪಲಿ ತಿರುಗಿಸಿದರೆ ಅಟ್ಟೆ ತೂರಿ ಬಂದ ಮೊಳೆ. ನನ್ನ ಹೆಂಡತಿ ಸುಶೀಲಾ ಡೆಟಾಲ್ ಹುಡುಕುತ್ತಾ ಓಡಾಡತೊಡಗಿದಳು. ನಾನು ಮಾತ್ರ ಜಂಬದಲ್ಲಿದ್ದೆ.

"ಒಂಚೂರೂ ನೋವಿಲ್ಲ ಕಣಮ್ಮ. ಇನ್ನೇನ್ ಬೇಕು?"

ವಸುಧಾ ನಗಲಿಲ್ಲ. "ನೋವಾಗ್ಬೇಕಿತ್ತು ಅಂಕಲ್. ಈಗ್ಲೇ ಡಾಕ್ಟರ ಹತ್ರ ಹೋಗೋಣ, ನಡೀರಿ" ಎಂದು ತಾವೇ ಕಾರು ತೆಗೆದರು.

ಡಾಕ್ಟರು ಇಂಜೆಕ್ಷನ್ ಕೊಟ್ಟು, ಗಾಯಕ್ಕೆ ಪಟ್ಟಿ ಕಟ್ಟಿ, ಒಂದು ನೈಲಾನ್ ಎಳೆ ಹಿಡಿದು ಬಂದರು. "ಕಣ್ಣು ಮುಚ್ಕೊಳ್ಳಿ. ಪಾದಕ್ಕೆ ಇದು ತಾಗಿದಾಗೆಲ್ಲ ಹೂಂ ಅನ್ನಿ."

ಕಣ್ಣು ಮುಚ್ಚಿದೆ. ಕಾದೆ. ಇನ್ನೂ ಕಾದೆ.

"ಶುರು ಮಾಡಿ ಡಾಕ್ಟ್ರೇ."

"ಆಗ್ಲೇ ಮುಗೀತು."

ಕಣ್ಣು ಬಿಟ್ಟಾಗ ಸುಶೀಲಾ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು. ಅವಳು ಎಲ್ಲವನ್ನೂ ನೋಡಿದ್ದಳು. ಎಷ್ಟು ಕಡೆ ಮುಟ್ಟಿದರು ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಹಳೇ ಶುಗರ್ ಪಾದದ ನರಗಳನ್ನು ಸದ್ದಿಲ್ಲದೆ ತಿಂದಿತ್ತು.

ವಸುಧಾ ವಿಜ್ಞಾನಿ ಎಂಬುದಷ್ಟೇ ನಮಗೆ ಗೊತ್ತಿತ್ತು. ಅವರ ಕೆಲಸ ಅಯಾನ್ ಚಾನೆಲ್‌ಗಳ ಮೇಲೆ. (ಚಾನೆಲ್ ಎಂದರೆ ನನಗೆ ಗೊತ್ತಿದ್ದದ್ದು ಟಿವಿಯದ್ದು ಮಾತ್ರ.) ಡಾಕ್ಟರ ಹತ್ತಿರದಿಂದ ಬರುವಾಗ ನಾನು ಮಂಕಾಗಿದ್ದು ನೋಡಿ, "ಗುರುವಾರ ಇಬ್ರೂ ಲ್ಯಾಬ್‌ಗೆ ಬನ್ನಿ, ಒಂದು ತೋರಿಸ್ತೀನಿ" ಎಂದರು. ಹೋದೆವು.

ಸಣ್ಣ ಕತ್ತಲೆ ಕೋಣೆ. ಮೈಕ್ರೋಸ್ಕೋಪಿನ ಕೆಳಗೆ ಪುಟ್ಟ ತಟ್ಟೆಯಲ್ಲಿ ಜೀವಕೋಶಗಳು. ಕೂದಲಿಗಿಂತ ಎಷ್ಟೋ ಸಪೂರ ತುದಿಯ ಗಾಜಿನ ನಳಿಗೆಯೊಂದನ್ನು ವಸುಧಾ ಉಸಿರು ಬಿಗಿಹಿಡಿದು ಒಂದು ಕೋಶಕ್ಕೆ ತಾಗಿಸಿದರು. ಎರಡು ಸಲ ತಪ್ಪಿತು. ಮೂರನೇ ಸಲ ಕೂತಿತು. ಪಕ್ಕದ ಸ್ಕ್ರೀನಿನಲ್ಲಿ ನಡುಗುವ ಒಂದು ಗೆರೆ.

"ಈಗ ನಳಿಗೆಯಿಂದ ಕೋಶದ ಪೊರೇನ ಸ್ವಲ್ಪ ಎಳೀತೀನಿ, ಗೆರೆ ನೋಡ್ತಿರಿ."

ಗೆರೆ ತಟ್ಟನೆ ಒಂದು ಮೆಟ್ಟಿಲು ಇಳಿಯಿತು. ಕ್ಷಣ ನಿಂತಿತು. ಮತ್ತೆ ಹತ್ತಿತು.

"ಅದು ಒಂದು ಚಾನೆಲ್ ತೆರೆದು ಮುಚ್ಚಿದ್ದು. ಒಂದೇ ಒಂದು."

ಕೋಶದ ಪೊರೆಯಲ್ಲಿ ಇಂಥ ಬಾಗಿಲುಗಳಿವೆಯಂತೆ. ಕೆಲವು ಒತ್ತಿದರೆ ತೆರೆಯುತ್ತವೆ, ಕೆಲವು ಬಿಸಿಗೆ, ಕೆಲವು ತಂಪಿಗೆ. ತೆರೆದೊಡನೆ ಉಪ್ಪಿನ ಕಣಗಳು ಒಳನುಗ್ಗುತ್ತವೆ. ಅಲ್ಲಿಂದ ಶುರುವಾದ ಸುದ್ದಿ ನರದಲ್ಲಿ ಓಡಿ ಮಿದುಳಿಗೆ ಮುಟ್ಟುತ್ತದೆ. ಮಗುವಿನ ಕೆನ್ನೆ, ಕಾದ ಬಾಣಲೆ, ಕೊರಳಿಗೆ ಬಿದ್ದ ತಾಳಿ, ಚಪ್ಪಲಿಯ ಮೊಳೆ, ಎಲ್ಲ ಗೊತ್ತಾಗುವುದೂ ಹೀಗೆಯೇ. ಕಣ್ಣಿಗೇ ಕಾಣದ ಒಂದು ಬಾಗಿಲು ತೆರೆಯುವುದನ್ನು ಹೆಬ್ಬಾಳದ ಟ್ರಾಫಿಕ್ ದಾಟಿ ಬಂದ ನಾನು ಕೂತು ನೋಡುತ್ತಿದ್ದೇನೆ! ಮೈ ಜುಮ್ಮೆಂದಿತು.

ಸುಶೀಲಾ ಸ್ಕ್ರೀನಿನಿಂದ ಕಣ್ಣು ಕೀಳಲಿಲ್ಲ. ಮೆಲ್ಲಗೆ ಕೇಳಿದಳು. "ಇವರ ಕಾಲಿಗೂ ಇದನ್ನ ಮತ್ತೆ ತರಿಸ್ಬೋದಾ?"

"ಇಲ್ಲ ಆಂಟಿ. ಹೂಂ ಅಂದ್ರೆ ಸುಳ್ಳಾಗತ್ತೆ. ಅಂಕಲ್ ಕಾಲಲ್ಲಿ ನರಾನೇ ಸೊರಗಿದೆ. ನಂಗೆ ಈ ಒಂದು ಚಾನೆಲ್ಲೇ ಇನ್ನೂ ಪೂರ್ತಿ ಅರ್ಥ ಆಗಿಲ್ಲ, ಹನ್ನೊಂದು ವರ್ಷ ಆಯ್ತು." ಆಮೇಲೆ ಅವಳ ಕೈ ಹಿಡಿದು ಹೇಳಿದರು. "ಆದ್ರೆ ಉಳಿದಿರೋದನ್ನ ಉಳಿಸ್ಕೋಬೋದು. ಶುಗರ್ ಹಿಡಿತದಲ್ಲಿರ್ಬೇಕು. ದಿನಾ ಪಾದ ನೋಡ್ಬೇಕು."

ಹನ್ನೊಂದು ವರ್ಷ, ಒಂದು ಬಾಗಿಲ ಮುಂದೆ! ನಾವು ಲಿಫ್ಟ್ ಬಾಗಿಲ ಮುಂದೆ ಒಂದು ನಿಮಿಷ ನಿಲ್ಲುತ್ತೇವೆಯೇ?

ಈಗ ದಿನಾ ಸಂಜೆ ಸುಶೀಲಾ ಕನ್ನಡಕ ಹಾಕಿಕೊಂಡು ನನ್ನ ಪಾದ ಪರೀಕ್ಷಿಸುತ್ತಾಳೆ. ಬೆರಳ ಸಂದಿಯನ್ನೂ ಬಿಡುವುದಿಲ್ಲ. ಅವಳ ಬೆರಳು ಅಂಗಾಲಿನಲ್ಲಿರುವಾಗ ನನಗೇನೂ ತಿಳಿಯದು. ಹಿಮ್ಮಡಿ ದಾಟಿ ಮೇಲೆ ಬಂದಾಗ ಫಕ್ಕನೆ ತಿಳಿಯುತ್ತದೆ, ಬೆಚ್ಚಗೆ. ಅಲ್ಲಿ ಎಷ್ಟು ಬಾಗಿಲು ತೆರೆದವೋ!

ನೋವು ಕೊಡಬೇಡಪ್ಪಾ ಎಂದು ಇಷ್ಟು ವರ್ಷ ದೇವರಿಗೆ ಕೈ ಮುಗಿದೆನಲ್ಲ, ನಾನು ಕೇಳುತ್ತಿದ್ದದ್ದು ಏನೆಂದು ನನಗೆ ಗೊತ್ತಿತ್ತೇ?