ಗೀಟೆಳೆದ ಓ

ಟೋರ್‌ಗೈರ್ ಅವರನ್ನು ನಾನು ಮೊದಲು ಕಂಡದ್ದು ನಮ್ಮ ವಾರಪತ್ರಿಕೆಯ ಕಚೇರಿಯಲ್ಲಿ, ಮೇಜಿನ ಕೆಳಗೆ. ಹೊರಗೆ ಕಾಣುತ್ತಿದ್ದುದು ಬೂದು ಉಣ್ಣೆಯ ಕಾಲುಚೀಲಗಳು ಮಾತ್ರ; ಒಂದರ ಹೆಬ್ಬೆರಳ ಬಳಿ ಕೆಂಪು ದಾರದ ಹೊಲಿಗೆ. ನಾರ್ವೆಯ ಯಾವ ಸಣ್ಣ ಪತ್ರಿಕೆಗೆ ಹೋದರೂ ಎಲ್ಲರ ಫೈಲುಗಳನ್ನೂ ಇಟ್ಟುಕೊಳ್ಳುವ ಸರ್ವರ್ ಯಂತ್ರವನ್ನು ನೋಡಿಕೊಳ್ಳುವ ಇಂಥ ಮನುಷ್ಯರೊಬ್ಬರು ಸಿಗುತ್ತಾರೆ. ಯಾರ ಕಂಪ್ಯೂಟರಿನಲ್ಲಿ ಸರ್ವರಿನ ಫೈಲು ತೆರೆಯದಿದ್ದರೂ ಅವರ ಮೊದಲ ಮಾತು, "ತಂತಿ ಸಿಕ್ಸಿದ್ದೀರಾ?" ಕಂದು ಚೀಸಿನ ಬ್ರೆಡ್ಡು ಬೆಚ್ಚಗಿರಲೆಂದು ಅದನ್ನು ಸರ್ವರಿನ ತಲೆಯ ಮೇಲಿಡುತ್ತಾರೆ. ಆ ಯಂತ್ರವನ್ನು ಬೈದರೆ ಸ್ವಂತ ತಮ್ಮನನ್ನು ಬೈದಷ್ಟು ನೊಂದುಕೊಳ್ಳುತ್ತಾರೆ. "ನಿಮ್ಮ ಸರ್ವರಿಗೆ ನಮ್ಮ ಭಾಷೇನೇ ಬರಲ್ವಲ್ಲ ಮಾರಾಯ್ರೆ!" ಎಂದು ನಾವು ಕೆಣಕಿದರೆ, "ಪಾಪ, ಪರದೇಶದಲ್ಲಿ ಹುಟ್ಟಿದ್ದು, ಕಲಿಸ್ತಿದ್ದೀನಿ" ಎನ್ನುತ್ತಾರೆ. ನಮ್ಮಲ್ಲಿ ಚಿತ್ರದ ಫೈಲಿಗೆ ಇಟ್ಟ ಹೆಸರೇ ಚಿತ್ರದ ಕೆಳಗೆ ಅಚ್ಚಾಗುತ್ತದೆ. ಒಮ್ಮೆ ಶ್ರದ್ಧಾಂಜಲಿಯ ಪುಟ ಕಟ್ಟುವಾಗ, ನಮ್ಮ ಸಹೋದ್ಯೋಗಿ ಗುನ್‌ವೋರಳ ತಾಯಿ ಬ್ಯೋರ್ಗ್ ಅವರ ಚಿತ್ರ ತೆರೆಯಲೇ ಇಲ್ಲ. ಹೆಸರಿನ ನಡುವೆ, ನಮ್ಮ ಭಾಷೆಯ ಗೀಟೆಳೆದ 'ಓ' (ø) ಇರಬೇಕಾದ ಜಾಗದಲ್ಲಿ, ಪ್ರಶ್ನೆಚಿಹ್ನೆ ಕುಳಿತಿತ್ತು. ಗುನ್‌ವೋರ್ ಪರದೆಯನ್ನೇ ನೋಡುತ್ತಿದ್ದಳು. "ಗೀಟಿಲ್ಲದ ಓ ಹಾಕಿ ಮುಗಿಸಯ್ಯ, ಪುಟ ಹೋಗ್ಬೇಕು!" ಎಂದು ಸಂಪಾದಕರು ಕೂಗಿದರು. ಟೋರ್‌ಗೈರ್ ಕೀಲಿಮಣೆಯಿಂದ ತಲೆಯೆತ್ತಲಿಲ್ಲ. "ಆ ಹೆಸರಿನವರು ಯಾರೂ ಸತ್ತಿಲ್ಲ ಸ್ವಾಮಿ" ಎಂದರು. ಸರ್ವರಿಗೂ ನಮ್ಮ ಕಂಪ್ಯೂಟರುಗಳಿಗೂ ಅಕ್ಷರಗಳ ಹೊಂದಾಣಿಕೆ ಮಾಡಿಸಿಯೇ ಎದ್ದರು. ಪುಟ ತಡವಾಗಿ ಹೋಯಿತು, ಗೀಟಿನೊಂದಿಗೆ ಹೋಯಿತು. ಈಗ ಅವರು ನಿವೃತ್ತರು. ವಾರಕ್ಕೊಮ್ಮೆ ಕಚೇರಿಗೆ ಬಂದು, ಪುಟ ಅಚ್ಚಿಗೆ ಹೋಗುವ ಮುನ್ನ, ತೀರಿಕೊಂಡವರ ಹೆಸರುಗಳನ್ನು ಓದಿ ನೋಡುತ್ತಾರೆ.